ಮಗು ಮಲಗಿದ ಮೇಲೆ ಶುರುವಾಗುವ ಪರೀಕ್ಷೆ: ಬೆರಾ ಮಾಡುವಾಗಿನ ನನ್ನ ಅನುಭವ

ದೊಡ್ಡವರ ಕಿವಿ ಪರೀಕ್ಷೆ ಸುಲಭ. ಶಬ್ದ ಕೇಳಿಸಿದಾಗ ಬಟನ್ ಒತ್ತಿ ಅಂದರೆ ಸಾಕು. ಎರಡು ತಿಂಗಳ ಕೂಸಿಗೆ ಹಾಗೆ ಹೇಳಲು ಆಗಲ್ಲ, ಅಲ್ವಾ? ಅದಕ್ಕೇ ಬೆರಾ. ಕಿವಿಗೆ ಟಿಕ್ ಟಿಕ್ ಎಂಬ ಚಿಕ್ಕ ಶಬ್ದ ಕೊಡುತ್ತೇವೆ. ಕಿವಿಯ ನರ ಮತ್ತು ಮಿದುಳಿನ ಕಾಂಡ ಅದಕ್ಕೆ ಹೇಗೆ ಸ್ಪಂದಿಸುತ್ತವೆ ಎಂದು ತಲೆಯ ಚರ್ಮದ ಮೇಲಿಂದಲೇ ಅಳೆಯುತ್ತೇವೆ. ಪ್ರತಿ ಟಿಕ್ಕಿನ ಸ್ಪಂದನವೂ ಮೊದಲ 10 ಮಿಲಿಸೆಕೆಂಡುಗಳ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಕಾಣುವ ಅಲೆಗಳಿಗೆ ಒಂದರಿಂದ ಶುರುವಾಗುವ ರೋಮನ್ ಅಂಕಿ ಕೊಟ್ಟವರು ಅಮೆರಿಕದ ಜ್ಯೂವೆಟ್ ಮತ್ತು ವಿಲ್ಲಿಸ್ಟನ್, 1971ರಲ್ಲಿ. ನಾವು ಇವತ್ತಿಗೂ ಹೆಚ್ಚಾಗಿ ಹುಡುಕುವುದು ಅವರ ಐದನೇ ಅಲೆಯನ್ನು.

ಮಗು ಮಲಗಲೇಬೇಕು. ಕೈಕಾಲು ಆಡಿಸಿದರೆ, ಚೀಪಿದರೆ ಸ್ನಾಯುಗಳ ವಿದ್ಯುತ್ತು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಹಾಗಾಗಿ ಫೋನಿನಲ್ಲೇ ಹೇಳಿಬಿಡುತ್ತೇನೆ: ದಾರಿಯಲ್ಲಿ ಮಲಗಿಸಬೇಡಿ, ಹಾಲು ಕುಡಿಸಬೇಡಿ. ಮೊದಲು ಚರ್ಮ ಉಜ್ಜಿ ಎಲೆಕ್ಟ್ರೋಡ್ (ಆ ಸ್ಪಂದನದ ವಿದ್ಯುತ್ತನ್ನು ಹಿಡಿಯುವ ಪುಟ್ಟ ಬಿಲ್ಲೆ) ಅಂಟಿಸುತ್ತೇನೆ, ಆಮೇಲೆ ಹಾಲು, ಆಮೇಲೆ ನಿದ್ದೆ. ಈ ಸಾಲು ತಪ್ಪಿದರೆ ಉಜ್ಜುವಾಗ ಮಗು ಎದ್ದುಬಿಡುತ್ತದೆ.

ಇನ್ನೊಂದು ತೊಡಕು ಎಣ್ಣೆ. ನಮ್ಮ ಕೂಸುಗಳ ನೆತ್ತಿ, ಹಣೆ, ಕಿವಿಯ ಹಿಂದೆ ಎಲ್ಲಾ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಇರುತ್ತದೆ. ಅದರ ಮೇಲೆ ಎಲೆಕ್ಟ್ರೋಡ್ ಇಟ್ಟರೆ ವಿದ್ಯುತ್ತಿಗೆ ಚರ್ಮ ಒಡ್ಡುವ ತಡೆ ನಮಗೆ ಬೇಕಾದಂತೆ 5 ಕಿಲೋಓಮ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. ಜೆಲ್ ಹಾಕಿ ನಿಧಾನಕ್ಕೆ ಉಜ್ಜಬೇಕು. ಹಣೆಯ ಮಧ್ಯೆ ದೃಷ್ಟಿಬೊಟ್ಟು ಬೇರೆ, ಸರಿಯಾಗಿ ನನ್ನ ಎಲೆಕ್ಟ್ರೋಡಿನ ಜಾಗದಲ್ಲೇ! "ಅಜ್ಜಿ, ಬೊಟ್ಟು ಕೆನ್ನೆಗೆ ಇಡಿ, ಹಣೆ ನನಗೆ ಬಿಡಿ" ಅನ್ನುತ್ತೇನೆ. ಸಾಮಾನ್ಯವಾಗಿ ಒಪ್ಪುತ್ತಾರೆ.

ಸೆಕೆಂಡಿಗೆ 11.1 ಟಿಕ್ ಕೊಡುತ್ತೇನೆ. ಆ ಪಾಯಿಂಟ್ ಒಂದು ಯಾಕೆ ಎಂದು ಕಲಿಯಲು ಬಂದವರು ತಪ್ಪದೆ ಕೇಳುತ್ತಾರೆ. ನಮ್ಮ ಮನೆಯ ಕರೆಂಟು 50 ಹರ್ಟ್ಜ್. ಸೆಕೆಂಡಿಗೆ ಸರಿಯಾಗಿ 10 ಕೊಟ್ಟರೆ ಪ್ರತಿ ಟಿಕ್ಕಿಗೂ ಕರೆಂಟಿನ ಅಲೆ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಎಷ್ಟು ಸರಾಸರಿ ಮಾಡಿದರೂ ಹೋಗಲ್ಲ. 11.1 ಕೊಟ್ಟರೆ ಜಾಗ ತಪ್ಪುತ್ತಾ ಹೋಗಿ ಒಂದನ್ನೊಂದು ಅಳಿಸುತ್ತದೆ. ನಮಗೆ ಬೇಕಾದ ಅಲೆ ಒಂದು ಮೈಕ್ರೋವೋಲ್ಟ್‌ಗಿಂತ ಚಿಕ್ಕದು. ಅದಕ್ಕೇ ಸುಮಾರು 2000 ಟಿಕ್‌ಗಳ ಸರಾಸರಿ ತೆಗೆಯುತ್ತೇವೆ. ಬೇಡದ ವಿದ್ಯುತ್ತಿನ ಗದ್ದಲ ಅರ್ಧ ಆಗಬೇಕಾದರೆ ನಾಲ್ಕು ಪಟ್ಟು ಟಿಕ್ ಬೇಕು. ಅವಸರದವರಿಗೆ ಈ ಕೆಲಸ ಒಗ್ಗಲ್ಲ.

70 ಡೆಸಿಬೆಲ್‌ನಿಂದ ಶುರುಮಾಡಿ ಇಳಿಯುತ್ತಾ ಹೋಗುತ್ತೇನೆ. ಶಬ್ದ ಸಣ್ಣದಾದಂತೆ ಐದನೇ ಅಲೆ ತಡವಾಗುತ್ತದೆ, ಕುಗ್ಗುತ್ತದೆ. ಪ್ರತಿ ಹಂತವನ್ನೂ ಎರಡು ಸಲ ತೆಗೆದು ಒಂದರ ಮೇಲೊಂದು ಇಟ್ಟು ನೋಡುತ್ತೇನೆ. ಒಂದೇ ಸಲ ಕಂಡ ಉಬ್ಬನ್ನು ಅಲೆ ಎಂದು ನಾನು ಬರೆಯುವುದಿಲ್ಲ, ಎಷ್ಟೇ ಚೆಂದ ಇರಲಿ. ವಯಸ್ಸನ್ನೂ ನೋಡಬೇಕು. ಜೋರಾದ ಶಬ್ದಕ್ಕೆ ದೊಡ್ಡವರಲ್ಲಿ ಸುಮಾರು 5.5 ಮಿಲಿಸೆಕೆಂಡಿಗೆ ಬರುವ ಅಲೆ ಹಸುಗೂಸಿನಲ್ಲಿ 7ರ ಹತ್ತಿರ ಬರುತ್ತದೆ. ಅದು ದೋಷವಲ್ಲ, ನರದ ದಾರಿ ಇನ್ನೂ ಬೆಳೆಯುತ್ತಿದೆ ಅಷ್ಟೇ.

ಟಿಕ್ ಶಬ್ದ ಹೇಳುವುದು ಹೆಚ್ಚಾಗಿ 2000ದಿಂದ 4000 ಹರ್ಟ್ಜ್ ಭಾಗದ ಕಥೆ. ಹಾಗಾಗಿ ಅಲೆ ಬರದಿದ್ದರೂ ರಿಪೋರ್ಟಿನಲ್ಲಿ 'ಕಿವುಡು' ಎಂದು ಬರೆಯಲ್ಲ. '90 ಡೆಸಿಬೆಲ್‌ಗೆ ಅಲೆ ಕಾಣಲಿಲ್ಲ' ಎಂದಷ್ಟೇ ಬರೆಯುತ್ತೇನೆ. ಮಗು ಮಲಗಿಯೇ ಇದ್ದರೆ 500 ಹರ್ಟ್ಜ್ ಟೋನ್ ಬರ್ಸ್ಟ್, ಅಂದರೆ ಒಂದೇ ಸ್ವರದ ಚುಟುಕು ಶಬ್ದ, ಕೊಟ್ಟು ಕೂಡ ತೆಗೆಯುತ್ತೇನೆ. ತಗ್ಗಿನ ದನಿಗಳಲ್ಲಿ ಕೇಳುವಿಕೆ ಉಳಿದಿರಬಹುದು.

ನನ್ನನ್ನು ತುಂಬಾ ಹೊತ್ತು ಕೂರಿಸಿದ ಒಂದು ಪರೀಕ್ಷೆ ಹೇಳಬೇಕು. ಹುಟ್ಟಿದಾಗ ಕಾಮಾಲೆ ವಿಪರೀತ ಏರಿ ರಕ್ತ ಬದಲಿಸಿದ್ದ ಗಂಡುಮಗು. ಒಳಕಿವಿಯೇ ಹೊರಡಿಸುವ ಸಣ್ಣ ದನಿಯನ್ನು ಹಿಡಿಯುವ ಓಎಇ ಪರೀಕ್ಷೆ ಪಾಸಾಗಿತ್ತು, ಅಂದರೆ ಒಳಕಿವಿಯ ಹೊರ ಕೂದಲುಕೋಶಗಳು ಕೆಲಸ ಮಾಡುತ್ತಿದ್ದವು. ಬೆರಾದಲ್ಲಿ ಮಾತ್ರ ಐದನೇ ಅಲೆಯ ಸುಳಿವೇ ಇಲ್ಲ. ಶುರುವಿನಲ್ಲಿ ಸಣ್ಣ ಏರಿಳಿತ ಇತ್ತು. ಟಿಕ್‌ನ ಒತ್ತಡದ ದಿಕ್ಕು ತಿರುಗಿಸಿದೆ, ಗಾಳಿಯನ್ನು ಒತ್ತುವ ಬದಲು ಎಳೆಯುವಂತೆ. ಏರಿಳಿತವೂ ತಲೆಕೆಳಗಾಯಿತು. ನಿಜವಾದ ನರದ ಅಲೆ ಹಾಗೆ ತಿರುಗಲ್ಲ. ಕಿವಿಗೆ ಶಬ್ದ ಒಯ್ಯುವ ಕೊಳವೆಯನ್ನು ಚಿವುಟಿ ಹಿಡಿದೆ. ಏರಿಳಿತ ಮಾಯ. ಯಂತ್ರದ ವಿದ್ಯುತ್ತಾಗಿದ್ದರೆ ಉಳಿದಿರುತ್ತಿತ್ತು. ಅಂದರೆ ಅದು ಕಾಕ್ಲಿಯಾದ್ದೇ (ಒಳಕಿವಿಯ ಶಂಖದಂಥ ಭಾಗದ್ದೇ) ಸ್ಪಂದನ, ಮುಂದಿನ ನರದಲ್ಲಿ ತಾಳ ತಪ್ಪಿದೆ: ಆಡಿಟರಿ ನ್ಯೂರೋಪತಿ. ಎರಡೂ ದಿಕ್ಕಿನ ಟಿಕ್‌ಗಳನ್ನು ಬೆರೆಸಿ ತೆಗೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಅವನ ಅಪ್ಪ ಕೇಳಿದರು: "ಮೇಡಂ, ಅವನಿಗೆ ಕೇಳಿಸುತ್ತೋ ಇಲ್ವೋ, ಒಂದು ಮಾತು ಹೇಳಿಬಿಡಿ." ಈ ತೊಂದರೆ ಇರುವ ಮಕ್ಕಳಲ್ಲಿ ಎಷ್ಟು ಕೇಳಿಸುತ್ತದೆ ಎಂದು ಬೆರಾ ಹೇಳಲ್ಲ. ಅದನ್ನೇ ಹೇಳಿದೆ. ಕೆಲವರಿಗೆ ಶಬ್ದ ಕೇಳಿಸುತ್ತದೆ, ಮಾತು ಸ್ಪಷ್ಟವಾಗಲ್ಲ ಎಂದೂ ಹೇಳಿದೆ. ಆರು ತಿಂಗಳ ಹೊತ್ತಿಗೆ ಕತ್ತು ನಿಂತು, ಶಬ್ದದ ಕಡೆ ತಿರುಗುವಂತಾದಾಗ ಇನ್ನೊಂದು ಪರೀಕ್ಷೆ. ಅದನ್ನು ನೋಡಿಯೇ ಹಿಯರಿಂಗ್ ಏಡ್ ಮಾತು, ಅದು ಸಾಲದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಮಾತು. ಅಲ್ಲಿಯವರೆಗೆ ಮನೆಯಲ್ಲಿ ಯಾವ ಶಬ್ದಕ್ಕೆ ಬೆಚ್ಚುತ್ತಾನೆ, ಯಾರ ದನಿಗೆ ಅಳು ನಿಲ್ಲಿಸುತ್ತಾನೆ ಎಂದು ದಿನಾಂಕ ಹಾಕಿ ಬರೆದಿಡಿ ಎಂದೆ. ಅವನ ಅಮ್ಮ ಅಲ್ಲೇ ಪೆನ್ನು ಕೇಳಿದರು.