ಹಳೇ ಬೇಸ್ ಗಿಟಾರ್ ತಗೋಬೇಕಾ, ಹೊಸದಾ? ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಹುಬ್ಬಳ್ಳಿಯಲ್ಲಿ ಯಾರಾದರೂ ಹಳೇ ಬೇಸ್, ಅಂದರೆ ಮಂದ್ರ ದನಿಯ ಗಿಟಾರ್, ಮಾರಲು ಬಂದರೆ ಮೊದಲ ಮಾತು ಒಂದೇ: "ಹಳೇ ಮಾಲ್ ರೀ ಇದು, ಈಗ ಇಂಥಾವು ಬರೂದಿಲ್ಲ." ಆ ಮಾತಿಗೆ ನಾನೂ ಒಮ್ಮೆ ಬಿದ್ದಿದ್ದೇನೆ. ಆರ್ಕೆಸ್ಟ್ರಾ ಸೇರಿದ ಎರಡನೇ ವರ್ಷ, ಗಣಪತಿ ಹಬ್ಬಕ್ಕೆ ಎಂಟು ದಿನ ಇತ್ತು, ಒಬ್ಬರ ಮನೆಯ ಅಟ್ಟದಿಂದ ಇಳಿದ ಬೇಸ್ ನೋಡಿ ಮರುಳಾಗಿ ಅಲ್ಲೇ ದುಡ್ಡು ಎಣಿಸಿಕೊಟ್ಟೆ. ಬಣ್ಣ ಮಾಸಿತ್ತು, ಕೈ ತಾಗುವ ಕಡೆ ಮರ ಕಾಣುತ್ತಿತ್ತು, ನೋಡಲು ಭಾರೀ ಚಂದ. ಮನೆಗೆ ತಂದು ನುಡಿಸಿದರೆ ಐದನೇ ಫ್ರೆಟ್ (ಕೈ ಒತ್ತುವ ಕಡೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆ) ದಾಟಿದ ಮೇಲೆ ತಂತಿ ಒತ್ತಲಿಕ್ಕೇ ಆಗುತ್ತಿಲ್ಲ. ನೆಕ್, ಅಂದರೆ ತಂತಿ ಒತ್ತುವ ಉದ್ದನೆಯ ಹಿಡಿ, ಬಿಲ್ಲಿನ ಹಾಗೆ ಬಾಗಿತ್ತು. ಅದರೊಳಗಿದ್ದು ಅದನ್ನು ನೇರ ಮಾಡುವ ಟ್ರಸ್ ರಾಡ್ ಅನ್ನುವ ಸರಳಿನ ನಟ್ ಸವೆದು ಗುಂಡಗಾಗಿತ್ತು, ಕೀ ಹಿಡಿಯುತ್ತಲೇ ಇರಲಿಲ್ಲ. ಆ ಹಬ್ಬ ಪೂರ್ತಿ ಮೊದಲ ಐದು ಫ್ರೆಟ್‌ನಲ್ಲೇ ಕಳೆದೆ.

ಹಾಗಾಗಿ ಹೇಳಿಬಿಡುತ್ತೇನೆ. ಹಳೇದು ಅಂದ ಮಾತ್ರಕ್ಕೆ ಮೇಲಲ್ಲ. ಪೆಂಡಾಲ್, ಮದುವೆ, ಚರ್ಚ್ ಅಂತ ನುಡಿಸುವವರಿಗೆ ಹತ್ತರಲ್ಲಿ ಒಂಬತ್ತು ಸಲ ಹೊಸದೇ ಸರಿ. ಉಳಿದ ಆ ಒಂದು ಸಲ ಯಾವುದು ಅಂತ ಗುರುತು ಹಿಡಿಯುವುದೇ ಕೆಲಸ.

ಈ ಹಳೇ ವಾದ್ಯದ ಭಕ್ತಿ ನಮಗೆ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದ್ದೇನೆ. ಧಾರವಾಡದ ಕಡೆ ಹಾಡುವವರ ಮನೆಗೆ ಹೋದರೆ ಮೂಲೆಯಲ್ಲಿ ಗವಸು ಹಾಕಿದ ಮಿರಜಿನ ತಂಬೂರಿ ಇರುತ್ತದೆ, ಅಜ್ಜನ ಕಾಲದ್ದು, ಅದನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಅಲ್ಲಿ ಆ ಮಾತಿಗೆ ಅರ್ಥ ಇದೆ. ತಂಬೂರಿಯಲ್ಲಿ ಬುರುಡೆ ಮತ್ತು ಅದರ ಮೇಲಿನ ತೆಳ್ಳಗಿನ ಮರ ನಡುಗಿಯೇ ದನಿ ಹೊರಗೆ ಬರುವುದು, ಮರ ಹೇಗಿದೆಯೋ ದನಿ ಹಾಗೆ. ಬೇಸ್ ಗಿಟಾರ್ ಒಂದು ಗಟ್ಟಿ ಹಲಗೆ. ಮೇಲೆ ಉಕ್ಕು, ನಿಕಲ್ಲಿನ ತಂತಿ, ಕೆಳಗೆ ಪಿಕಪ್ಪಿನಲ್ಲಿ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ. ತಂತಿ ಅಲುಗಿದರೆ ಆ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ, ಅದು ದನಿ ದೊಡ್ಡದು ಮಾಡುವ ಆಂಪ್‌ಗೆ ಹೋಗುತ್ತದೆ. ಮರಕ್ಕೆ ಏನೂ ಕೆಲಸ ಇಲ್ಲ ಅನ್ನುತ್ತಿಲ್ಲ, ನೆಕ್ ಎಷ್ಟು ಬಿಗಿ ಅನ್ನುವುದರ ಮೇಲೆ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ನಿಂತಿದೆ. ಆದರೆ "ಮರ ಒಣಗಿ ದನಿ ಹಣ್ಣಾಗಿದೆ" ಅನ್ನುವ ಮಾತನ್ನು ತಂಬೂರಿಯಿಂದ ಎತ್ತಿ ಬೇಸ್‌ಗೆ ಅಂಟಿಸಬೇಡಿ.

ಇನ್ನು ವಿಂಟೇಜ್ ಅಂತ ಬೆಲೆ ಕಟ್ಟುವ ಹಳೇದು ಯಾವುದು? ಅಮೆರಿಕದ ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಬಂದಿದ್ದು 1951ರಲ್ಲಿ. ಎರಡು ತುಂಡಿನ ಪಿಕಪ್ ಸೇರಿದ್ದು 1957ರಲ್ಲಿ. ಅದೇ ಕಂಪನಿಯ ಜಾಝ್ ಬೇಸ್, ಎರಡು ಪಿಕಪ್ಪಿನದು, 1960ರದ್ದು. 1965ರ ಜನವರಿಯಲ್ಲಿ ಫೆಂಡರ್ ಕಂಪನಿ ಸಿಬಿಎಸ್ ಅನ್ನುವ ರೇಡಿಯೋ, ಟಿವಿ ಕಂಪನಿಯ ಕೈಗೆ ಹೋಯಿತು, ಅದಕ್ಕಿಂತ ಮುಂಚಿನವಕ್ಕೆ ಇವತ್ತು ಲಕ್ಷಗಟ್ಟಲೆ ಬೆಲೆ. ಅವುಗಳಲ್ಲಿ ನಿಜವಾಗಿ ಒಳ್ಳೆಯವು ಇವೆ. ಆದರೆ ಒಂದು ಮಾತು ನೆನಪಿರಲಿ, ಆಗಲೂ ಕೆಟ್ಟ ಬೇಸ್‌ಗಳು ತಯಾರಾಗಿದ್ದವು, ಅವು ಯಾವಾಗಲೋ ಗುಜರಿಗೆ ಹೋದವು, ಜನ ಜೋಪಾನ ಮಾಡಿದ್ದು ಚೆನ್ನಾಗಿದ್ದವನ್ನು ಮಾತ್ರ. 70ರ ದಶಕದ ಜಾಝ್ ಬೇಸ್‌ಗಳಲ್ಲಿ ನೆಕ್ ಹಿಡಿಯಲು ನಾಲ್ಕರ ಬದಲು ಮೂರು ಬೋಲ್ಟ್ ಹಾಕಿದರು, ಅಂಥವು ಕೆಲವು ಅಲುಗಾಡುತ್ತವೆ. ಅವೂ ಈಗ ವಿಂಟೇಜೇ!

ಬೆಲೆಯ ವಿಷಯ ಬ್ಯಾಡಗಿ ಮಾರ್ಕೆಟ್ ಕಂಡವರಿಗೆ ಬೇಗ ತಿಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ರೇಟು ಬರುವುದು ಬಣ್ಣಕ್ಕೆ, ಖಾರಕ್ಕಲ್ಲ. ಹಳೇ ಬೇಸ್ ಕೂಡ ಹಾಗೇ. ಮೂಲ ಬಣ್ಣ ಕೆರೆದು ಯಾರೋ ಹೊಸದಾಗಿ ಹೊಡೆಸಿದ್ದರೆ ಬೆಲೆ ಸುಮಾರು ಅರ್ಧಕ್ಕೆ ಬೀಳುತ್ತದೆ, ದನಿ ಮಾತ್ರ ಇದ್ದ ಹಾಗೇ ಇರುತ್ತದೆ. ಕೂಡಿಡುವವರು ಬಣ್ಣಕ್ಕೆ ಕೊಡಲಿ. ನುಡಿಸುವವರು ನಾವು, ನಮಗೆ ಖಾರ ಬೇಕು.

ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಕೈಗೆ ಸಿಗುವ ಹಳೇ ಬೇಸ್ ಅಂದರೆ ಮುಚ್ಚಿಹೋದ ಆರ್ಕೆಸ್ಟ್ರಾದ ಸಾಮಾನು, ಚರ್ಚಿನ ಕೋಣೆಯಲ್ಲಿ ಉಳಿದದ್ದು, ಇಲ್ಲವೇ ಅಗ್ಗದ ದೇಶೀ ಮಾಲು. ಅಪರೂಪಕ್ಕೆ ಜಪಾನಿನದು ಕಾಣುತ್ತದೆ. 1982ರಿಂದ ಕೆಲವು ವರ್ಷ ಜಪಾನಿನಲ್ಲಿ ಆದ ಸ್ಕ್ವಾಯರ್ (ಫೆಂಡರ್ ಕಂಪನಿಯದೇ ಅಗ್ಗದ ಬ್ರ್ಯಾಂಡ್) ಸಿಕ್ಕರೆ, ನೆಕ್ ನೇರ ಇದ್ದರೆ, ಜಾಸ್ತಿ ಚೌಕಾಶಿ ಮಾಡದೆ ತಗೊಳ್ಳಿ, ನಾನಾದರೂ ತಗೊಳ್ಳುತ್ತೇನೆ.

ಆ ಹಳೇ ದನಿ ಬೇಕು ಅನ್ನುವವರಿಗೆ ಅಗ್ಗದ ದಾರಿ ಮೊದಲು ಹೇಳುತ್ತೇನೆ, ಯಾಕೆಂದರೆ ಇದನ್ನು ಯಾವ ಮಾರುವವನೂ ಹೇಳುವುದಿಲ್ಲ. ಹಳೇ ರೆಕಾರ್ಡಿನ ಆ ದುಂಡಗಿನ, ಮೆತ್ತಗಿನ "ಧುಂ" ಬಹುಪಾಲು ತಂತಿಯಿಂದ ಬಂದದ್ದು. ಆಗಿನ ಬೇಸ್‌ಗಳಲ್ಲಿ ಇದ್ದದ್ದು ಫ್ಲಾಟ್‌ವೌಂಡ್, ಅಂದರೆ ಮೇಲೆ ಚಪ್ಪಟೆ ಪಟ್ಟಿ ಸುತ್ತಿದ ನುಣುಪಾದ ತಂತಿ. ಈಗಿನ ಝಣಝಣ ಅನ್ನುವ ರೌಂಡ್‌ವೌಂಡ್ ಬೇಸ್‌ಗೆ ಗಟ್ಟಿಯಾಗಿ ಬಂದದ್ದು 1966ರ ಸುಮಾರಿಗೆ, ರೋಟೋಸೌಂಡ್ ಅನ್ನುವ ತಂತಿ ಕಂಪನಿ ಮತ್ತು ದ ಹೂ ಬ್ಯಾಂಡಿನ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಸೇರಿ ಅದನ್ನು ಸರಿಮಾಡಿದ ಮೇಲೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್‌ನಲ್ಲಿ ದಪ್ಪ ಫ್ಲಾಟ್‌ವೌಂಡ್ ಹಾಕಿ, ಅದು ಹರಿಯುವ ತನಕ ಬದಲಿಸುತ್ತಲೇ ಇರಲಿಲ್ಲ. ಇನ್ನೊಂದು, ಆಗಿನ ಬೇಸ್‌ಗಳಲ್ಲಿ ಬ್ರಿಡ್ಜ್ (ದೇಹದ ಮೇಲೆ ತಂತಿ ಕೂರುವ ಲೋಹದ ಪಟ್ಟಿ) ಮುಚ್ಚಳದ ಒಳಗೆ ಸ್ಪಂಜಿನ ತುಂಡು ಇರುತ್ತಿತ್ತು, ಅದು ತಂತಿಗೆ ತಾಗಿ ದನಿಯನ್ನು ಬೇಗ ತಡೆಯುತ್ತಿತ್ತು. ಹಾಗಾದರೆ ನಿಮ್ಮ ಈಗಿನ ಬೇಸ್‌ಗೇ ಒಂದು ಸೆಟ್ ಫ್ಲಾಟ್‌ವೌಂಡ್ ಹಾಕಿ, ಪಾತ್ರೆ ತಿಕ್ಕುವ ಸ್ಪಂಜಿನ ಮೆತ್ತಗಿನ ಭಾಗವನ್ನು ಬೆರಳಗಲ ಕತ್ತರಿಸಿ ಬ್ರಿಡ್ಜ್ ಪಕ್ಕ ತಂತಿಯ ಕೆಳಗೆ ತುರುಕಿ, ಟೋನ್ ಗುಂಡಿ ಅರ್ಧಕ್ಕೆ ಇಳಿಸಿ ನುಡಿಸಿ ನೋಡಿ. ಸುಮ್ನೆ ಲಕ್ಷ ಸುರಿಯುವ ಮುಂಚೆ ಇಷ್ಟು ಮಾಡಬಹುದು ಅಲ್ವಾ.

ಅದಾದ ಮೇಲೂ ಹಳೇದೇ ಬೇಕು ಅನಿಸಿದರೆ ಕಣ್ಣು ಮುಚ್ಚಿ ಕೇಳಿ. ಒಂದು ಹಳೇದು, ಒಂದು ಹೊಸದು ಇಟ್ಟುಕೊಂಡು, ಎರಡಕ್ಕೂ ಒಂದೇ ಜಾತಿಯ ತಂತಿ ಹಾಕಿ, ಒಂದೇ ಆಂಪ್‌ನಲ್ಲಿ, ಗೆಳೆಯನನ್ನು ಬಾಗಿಲ ಹಿಂದೆ ಕೂರಿಸಿ ನುಡಿಸಲು ಹೇಳಿ. ವಾಲ್ಯೂಮ್ ಎರಡಕ್ಕೂ ಸಮ ಇರಲೇಬೇಕು. ಸ್ವಲ್ಪ ಜೋರಾಗಿದ್ದದ್ದು ಕಿವಿಗೆ ಯಾವಾಗಲೂ ಚೆನ್ನಾಗಿ ಕೇಳುತ್ತದೆ, ಎಷ್ಟೋ ಜನ ಮೋಸ ಹೋಗುವುದು ಅಲ್ಲೇ. ನಾವು ಮೂರು ಜನ ಒಂದು ಸಂಜೆ ಗಿರ್ಮಿಟ್ ತಿನ್ನುತ್ತಾ ಈ ಆಟ ಆಡಿದೆವು. ಹಳೇದು ಅಂತ ನಾನು ಎದೆ ತಟ್ಟಿ ಹೇಳಿದ್ದು ಕೊನೆಗೆ ನನ್ನದೇ ಹೊಸ ಬೇಸ್ ಆಗಿತ್ತು.

ಈಗ ತಗೊಳ್ಳುವ ಜಾಗಕ್ಕೆ ಬನ್ನಿ. ಹೋಗುವಾಗ ನಿಮ್ಮ ಕೇಬಲ್, ಫೋನಿನಲ್ಲಿ ಟ್ಯೂನರ್, ಒಂದು ಸೆಟ್ ಅಲೆನ್ ಕೀ, ಒಂದು ವಿಸಿಟಿಂಗ್ ಕಾರ್ಡ್, ಸಾಧ್ಯವಾದರೆ ಒಂದು ಮಲ್ಟಿಮೀಟರ್ ಜೇಬಿನಲ್ಲಿರಲಿ. ಅವರು ಚಹಾ ಕೊಟ್ಟರೆ ಕುಡಿಯಿರಿ, ದುಡ್ಡಿನ ಮಾತು ಆಮೇಲೆ.

ಮೊದಲು ನೆಕ್. ಬೇಸನ್ನು ಬಂದೂಕಿನ ಹಾಗೆ ಹಿಡಿದು, ಬ್ರಿಡ್ಜ್ ಕಡೆಯಿಂದ ಒಂದು ಕಣ್ಣಲ್ಲಿ ನೆಕ್ ಉದ್ದಕ್ಕೂ ನೋಡಿ. ಒಂದು ಅಂಚು ಒಂದು ಕಡೆ, ಇನ್ನೊಂದು ಅಂಚು ಇನ್ನೊಂದು ಕಡೆ ತಿರುಚಿದ್ದರೆ ಅಲ್ಲಿಗೆ ಮುಗಿಯಿತು, ನಮಸ್ಕಾರ ಹೇಳಿ ಎದ್ದುಬನ್ನಿ. ತಿರುಚಿದ ನೆಕ್ಕನ್ನು ಟ್ರಸ್ ರಾಡ್ ನೇರ ಮಾಡುವುದಿಲ್ಲ, ಅದು ಮುಂದಕ್ಕೆ ಹಿಂದಕ್ಕೆ ಬಾಗಿದ್ದನ್ನು ಮಾತ್ರ ತಿದ್ದುತ್ತದೆ. ಬಾಗು ಎಷ್ಟಿದೆ ನೋಡಲು ಟ್ಯೂನ್ ಮಾಡಿಕೊಂಡು, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವ ಕಡೆಯಲ್ಲೂ ಒಟ್ಟಿಗೆ ಒತ್ತಿ. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ವಿಸಿಟಿಂಗ್ ಕಾರ್ಡ್ ಹಿಡಿಯುವಷ್ಟು, ಸುಮಾರು 0.3 ಮಿಲಿಮೀಟರ್, ಸಂದು ಇದ್ದರೆ ಸರಿ. ಜಾಸ್ತಿ ಇದ್ದರೆ ಟ್ರಸ್ ರಾಡ್ ಕೆಲಸ ಮಾಡುತ್ತದಾ ಅಂತ ಅವರ ಎದುರಿಗೇ ನೋಡಬೇಕು. ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ತಿರುಗದಿದ್ದರೆ ಬಲ ಹಾಕಬೇಡಿ, ಮುರಿದರೆ ಅದು ನಿಮ್ಮ ತಲೆಗೇ. ಹಳೇ ಫೆಂಡರ್‌ಗಳಲ್ಲಿ ಈ ನಟ್ ನೆಕ್ಕಿನ ಬುಡದಲ್ಲಿ ಇರುತ್ತದೆ, ನೆಕ್ ಬಿಚ್ಚದೆ ಸರಿಯಾಗಿ ಸಿಗುವುದಿಲ್ಲ. ಈಗಿನ ಬಹಳಷ್ಟರಲ್ಲಿ ತಲೆಯ ಕಡೆ ಇದೆ, ನಿಂತಲ್ಲೇ ತಿರುಗಿಸಬಹುದು. ಸಣ್ಣ ವಿಷಯ ಅನಿಸುತ್ತದೆ, ಪೆಂಡಾಲ್ ಹಿಂದೆ ನಿಂತಾಗ ಅದರ ಬೆಲೆ ಗೊತ್ತಾಗುತ್ತದೆ.

ಆಮೇಲೆ ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಂದೊಂದಾಗಿ ನುಡಿಸಿ. ಹೌದು, ಎಲ್ಲಾ. ತೀರಾ ತೆಳ್ಳಗಿನ ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ನಡುವೆ ಒಂದು ಸ್ವರ ಬೇಗ ಸತ್ತುಹೋಗುವುದು ಬಹಳ ಬೇಸ್‌ಗಳಲ್ಲಿ ಇದೆ, ಹಳೇದರಲ್ಲೂ ಹೊಸದರಲ್ಲೂ. ತೀರಾ ಜಾಸ್ತಿ ಇದ್ದರೆ ಬಿಡಿ, ಅದಕ್ಕೆ ಸರಿಯಾದ ರಿಪೇರಿ ಇಲ್ಲ. ಫ್ರೆಟ್ ಮೇಲೆ ತಂತಿ ಕೊರೆದ ಗುಳಿ ಇದ್ದರೆ ಅರೆದು ಸಮ ಮಾಡಬಹುದು, ಆದರೆ ಫ್ರೆಟ್ ಈಗಾಗಲೇ ತೆಳ್ಳಗಾಗಿದ್ದರೆ ಹೊಸದು ಕೂರಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಬ್ರಿಡ್ಜ್ ಮೇಲೆ ಒಂದೊಂದು ತಂತಿ ಕೂರುವ ಸ್ಯಾಡಲ್‌ಗಳು ತಳಕ್ಕೆ ಕೂತಿದ್ದೂ ತಂತಿ ಎತ್ತರವೇ ಇದೆ ಅಂದರೆ ನೆಕ್ ಕೂತ ಕೋನ ತಪ್ಪಿದೆ ಅಂತ ಅರ್ಥ.

ಪಿಕಪ್ ನೋಡಲು ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಕೊಟ್ಟು, ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಡಿ. ಪ್ರಿಸಿಷನ್ ಆದರೆ ಸುಮಾರು 10 ಕಿಲೋ ಓಮ್ ತೋರಿಸಬೇಕು. ಜಾಝ್‌ನಲ್ಲಿ ಒಂದೊಂದೇ ಪಿಕಪ್ ಇಟ್ಟು ನೋಡಿದರೆ 7ರ ಆಸುಪಾಸು. ಇದಕ್ಕಿಂತ ಬಹಳ ಜಾಸ್ತಿ ತೋರಿಸಿದರೆ, ಇಲ್ಲವೇ ಏನೂ ತೋರಿಸದಿದ್ದರೆ, ಎಲ್ಲೋ ಎಳೆ ಹರಿದಿದೆ. ವಾಲ್ಯೂಮ್ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ.

"ಅರವತ್ತೆರಡರ ಮಾಡೆಲ್ ರೀ" ಅಂದರೆ ಸುಮ್ನೆ ನಂಬಬೇಡಿ, ತಲೆಯ ಮೇಲಿನ ಲೋಗೋ ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು, ನಂಬರ್ ಇರುವ ಹಿಂದಿನ ಪ್ಲೇಟ್ ಕೂಡ ನಾಲ್ಕು ಸ್ಕ್ರೂ ಬಿಚ್ಚಿದರೆ ಬದಲಾಗುತ್ತದೆ. ಒಳಗಿನ ವಾಲ್ಯೂಮ್ ಪಾಟ್, ಅಂದರೆ ವಾಲ್ಯೂಮ್ ಗುಂಡಿಯ ಕೆಳಗಿನ ಭಾಗ, ತೆಗೆಸಿ ನೋಡಿ. ಅದರ ಮೇಲೆ 1376612 ಅಂತ ಇದ್ದರೆ 137 ಅಂದರೆ ಸಿಟಿಎಸ್ ಕಂಪನಿ, 66 ವರ್ಷ, 12 ವಾರ. ಅಂದರೆ 1966ರ ಹನ್ನೆರಡನೇ ವಾರದ ಪಾಟು ಒಳಗಿರುವ ಬೇಸ್, ಪಾಟ್ ಬದಲಾಗಿರದಿದ್ದರೆ, 1962ರದ್ದು ಆಗಲು ಸಾಧ್ಯವಿಲ್ಲ. ಬಿಚ್ಚಲು ಬಿಡುವುದಿಲ್ಲ ಅಂದರೆ ಹಳೇ ಬೆಲೆ ಕೊಡುವುದಿಲ್ಲ ಅನ್ನಿ. ಹೊರದೇಶದಿಂದ ನೆಂಟರು ತರುತ್ತಿದ್ದರೆ ಫಿಂಗರ್‌ಬೋರ್ಡ್ (ನೆಕ್ ಮೇಲೆ ಫ್ರೆಟ್ ಕೂರುವ ಪಟ್ಟಿ) ಯಾವ ಮರದ್ದು ಅಂತ ಮೊದಲೇ ಕೇಳಿಕೊಳ್ಳಿ, ಬ್ರೆಜಿಲಿನ ರೋಸ್‌ವುಡ್ ವ್ಯಾಪಾರಕ್ಕೆ 1992ರಿಂದ ಅಂತರರಾಷ್ಟ್ರೀಯ ನಿರ್ಬಂಧ ಇದೆ, ಕಾಗದಪತ್ರ ಇಲ್ಲದೆ ತಂದರೆ ತೊಂದರೆ.

ಹೊಸದು ಎಲ್ಲಿ ಗೆಲ್ಲುತ್ತದೆ ಅಂದರೆ ನಮ್ಮ ಪೆಂಡಾಲಿನಲ್ಲಿ. ಸೀರಿಯಲ್ ಲೈಟು, ಡಿಮ್ಮರ್, ಜನರೇಟರ್, ಎಲ್ಲಾ ಒಂದೇ ಲೈನಿನಲ್ಲಿ. ಜಾಝ್ ಬೇಸ್‌ನಲ್ಲಿ ಎರಡೂ ಪಿಕಪ್ ಪೂರ್ತಿ ಇಟ್ಟರೆ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಅಡಗುತ್ತದೆ, ಒಂದನ್ನು ಇಳಿಸಿದ ಕೂಡಲೇ ಗುಂಯ್ ಅನ್ನುತ್ತದೆ. ಈಗಿನ ಬೇಸ್‌ಗಳಲ್ಲಿ ಹಮ್ ಇಲ್ಲದ ಪಿಕಪ್ ಸಿಗುತ್ತದೆ, ಒಳಗೆ ಆ ಸದ್ದು ತಡೆಯುವ ಶೀಲ್ಡಿಂಗ್ ಇರುತ್ತದೆ, 9 ವೋಲ್ಟ್ ಬ್ಯಾಟರಿಯ ಪ್ರೀಆಂಪ್ ಇದ್ದರೆ ವೇದಿಕೆಯಲ್ಲೇ ದನಿ ತಿದ್ದಬಹುದು. ಈಗಿನ ಸಿನಿಮಾ ಹಾಡಿಗೆ ಐದನೇ ತಂತಿ ಬೇಕಾಗುತ್ತದೆ, ಅದು ಹಳೇ ನಾಲ್ಕು ತಂತಿಯದರಲ್ಲಿ ಎಲ್ಲಿಂದ ಬರಬೇಕು? ಹಳೇ ಬೇಸ್ ಜೊತೆ ಹಳೇ ಎರಡು ಪಿನ್ನಿನ ಆಂಪ್ ಕೊಟ್ಟರೆ ಮಾತ್ರ ಬೇಡವೇ ಬೇಡ ಅನ್ನಿ. ಅರ್ತ್ ಇಲ್ಲದ ಪೆಂಡಾಲಿನಲ್ಲಿ ತಂತಿ ಹಿಡಿದುಕೊಂಡು ಮೈಕ್ ಮುಟ್ಟಿದರೆ ಹೊಡೆಯುವ ಶಾಕ್ ತಮಾಷೆಯಲ್ಲ, ಜೀವ ಹೋಗಬಹುದು.

ಏನೇ ತಗೊಂಡರೂ ಎರಡು ಮೂರು ಸಾವಿರ ತಂತಿ ಮತ್ತು ಸೆಟಪ್‌ಗೆ ಎತ್ತಿಡಿ. ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅದೇ ಜಾಗದಲ್ಲಿ ಒತ್ತದೆ ಬರೀ ಬೆರಳು ತಾಗಿಸಿದರೆ ಬರುವ ಹಾರ್ಮೋನಿಕ್‌ಗಿಂತ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ ಸರಿಸಿ, ಕೆಳಗಿದ್ದರೆ ಮುಂದಕ್ಕೆ. ಪ್ರೀಆಂಪ್ ಇರುವ ಬೇಸ್‌ನಿಂದ ಕೇಬಲ್ ತೆಗೆದಿಡಿ, ಚುಚ್ಚಿಯೇ ಬಿಟ್ಟರೆ ಬ್ಯಾಟರಿ ರಾತ್ರಿಯೆಲ್ಲಾ ಇಳಿಯುತ್ತದೆ. ಏಪ್ರಿಲ್ ಮೇನಲ್ಲಿ ಕಾರಿನ ಡಿಕ್ಕಿಯಲ್ಲಿ ಇಟ್ಟು ಗದಗಿಗೆ ಕಾರ್ಯಕ್ರಮಕ್ಕೆ ಹೋಗಬೇಡಿ, ಸೀಟಿನ ಮೇಲೆ ಮಲಗಿಸಿ. ಧಾರವಾಡದಲ್ಲಿ ಮಳೆ ಹಿಡಿದು ಒಂದು ವಾರ ಆದ ಮೇಲೆ ಆ ವಿಸಿಟಿಂಗ್ ಕಾರ್ಡ್ ಮತ್ತೆ ತೆಗೆದು ನೆಕ್ ನೋಡಿ. ಬೇಸಿಗೆಯ ಒಣ ಹವೆಗೂ ಜೂನ್ ಜುಲೈನ ತೇವಕ್ಕೂ ಮರ ಒಂದೇ ಥರ ಇರುವುದಿಲ್ಲ, ವರ್ಷಕ್ಕೆ ಎರಡು ಸಲ ಕಾಲು ಕಾಲು ಸುತ್ತು ಬೇಕೇ ಬೇಕು. ತಿರುಗಿಸಿದ ಮೇಲೆ ಒಂದು ದಿನ ಬಿಟ್ಟು ನೋಡಿ, ಮರ ಕೂರಲು ಅಷ್ಟು ಹೊತ್ತು ತಗೊಳ್ಳುತ್ತದೆ.