ಮೂಲವ್ಯಾಧಿ: ಚಾಕು ತಗುಲಿಸದೆ ನಾನು ಹತೋಟಿಗೆ ತಂದ ಬಗೆ

‘ಆಪರೇಷನ್ ಬಿಟ್ಟರೆ ಗತಿಯಿಲ್ಲ’ ಎಂದವರೇ ಈಗ ನಾನು ಏನು ಮಾಡಿದೆ ಎಂದು ವಿಚಾರಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಎರಡನೇ ಹಂತದ ಒಳಮೂಲವ್ಯಾಧಿ ಎಂದು ತಜ್ಞರು ಪ್ರಾಕ್ಟೋಸ್ಕೋಪ್ (ಗುದದ್ವಾರದ ಒಳಗೆ ನೋಡುವ ಕೊಳವೆ) ಹಾಕಿ ನೋಡಿಯೇ ಹೇಳಿದ್ದರು. ತಿಣುಕಿದಾಗ ಗಂಟು ಹೊರಬರುತ್ತಿತ್ತು, ಎದ್ದರೆ ತಾನಾಗಿ ಒಳಸೇರುತ್ತಿತ್ತು. ಮಲದ ಮೇಲೆ ಹಸಿ ಕೆಂಪಿನ ಗೆರೆ, ಕೊನೆಗೆ ನಾಲ್ಕೈದು ಹನಿ ರಕ್ತ. ನೋವು ಮಾತ್ರ ಇರಲಿಲ್ಲ. ಗಮನಿಸಬೇಕಾದದ್ದು ಇದನ್ನೇ: ಒಳಗಂಟು ಇರುವ ಜಾಗಕ್ಕೆ ಕೊಯ್ದರೂ ನೋವು ತಿಳಿಸುವ ನರಗಳಿಲ್ಲ. ಮಲ ಹೋಗುವಾಗ ಬ್ಲೇಡು ಆಡಿಸಿದಂತೆ ಉರಿದರೆ ಅದು ಬಹುಪಾಲು ಗುದದ್ವಾರದ ಬಿರುಕು (ಫಿಶರ್). ಅಂಚಿನಲ್ಲಿ ದಿಢೀರನೆ ನೀಲಿಗಟ್ಟಿದ ಗಡಸು ಗಂಟು ಎದ್ದು ಕೂರಲು ಬಿಡದಿದ್ದರೆ ಹೊರಮೂಲದಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಅದರ ನೋವು ಮೊದಲ ಎರಡು ಮೂರು ದಿನ ವಿಪರೀತ. ಆ ಅವಧಿಯಲ್ಲೇ ಹೋದರೆ ವೈದ್ಯರು ಹೆಪ್ಪು ತೆಗೆದು ನೆಮ್ಮದಿ ಕೊಡಬಲ್ಲರು.

ಹಣ ಹೋದದ್ದು ಮುಲಾಮುಗಳಿಗೆ. ಸುಮಾರು ಅರ್ಧ ತಿಂಗಳ ಸಂಬಳ ಹಾಗೆಯೇ ಕರಗಿತು. ಅವು ತುರಿಕೆ ತಗ್ಗಿಸಿದವು, ರಕ್ತ ನಿಲ್ಲಿಸಲಿಲ್ಲ. ಸ್ಟೆರಾಯ್ಡ್ ಇರುವುದನ್ನು ವಾರ ಮೀರಿ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನೆನಪಿರಲಿ. ನಡುವೆ ತೂತಿರುವ ದಿಂಬು ಕೊಂಡೆ. ಕೂತಷ್ಟೂ ಊತ ಇಳಿಬಿದ್ದು ಭಾರವಾಗುತ್ತಿತ್ತು.

ಕೈಹಿಡಿದದ್ದು ನಾರು, ನೀರು, ಗಡಿಯಾರ. ನಾರನ್ನು ದಿನಕ್ಕೆ 25–30 ಗ್ರಾಂವರೆಗೆ ನಿಧಾನವಾಗಿ ಏರಿಸಿದೆ. ಒಮ್ಮೆಗೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಇಸಬ್ಗೋಲಿನ ಹಿಂದೆ ಸಾಕಷ್ಟು ನೀರು ಕುಡಿಯದಿದ್ದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಶೌಚಾಲಯದಲ್ಲಿ ಐದು ನಿಮಿಷ ಮೀರಿ ಕೂರಲಿಲ್ಲ, ಮೊಬೈಲ್ ಹೊರಗೆ, ಕಾಲಡಿ ಗಿಡ್ಡ ಮಣೆ. ಯಾವ ಹೊತ್ತಿಗೆ ಏನು ಬೆರೆಸಿ ಕುಡಿಯುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಹತ್ತು ಹದಿನೈದು ನಿಮಿಷ ಕೂರುವುದನ್ನು ಉಪ್ಪು ಹಾಕಿಯೂ ಹಾಕದೆಯೂ ಪರೀಕ್ಷಿಸಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ; ಹಿತ ಕೊಟ್ಟದ್ದು ಬಿಸಿಯೇ.

ಆರೇಳು ವಾರಕ್ಕೆ ರಕ್ತ ನಿಂತಿತು. ಒಂಬತ್ತರ ಆಸುಪಾಸಿನಲ್ಲಿದ್ದ ಹಿಮೋಗ್ಲೋಬಿನ್, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯೂ ಸೇರಿ ಹನ್ನೆರಡಕ್ಕೆ ಏರಿತು. ಈ ದಾರಿ ಮೊದಲ ಮತ್ತು ಎರಡನೇ ಹಂತದವರಿಗೆ. ಗಂಟನ್ನು ಬೆರಳಿನಿಂದ ಒಳತಳ್ಳಬೇಕಾದವರು ಗಂಟಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ. ಮಲ ಡಾಂಬರಿನಷ್ಟು ಕಪ್ಪಗಿದ್ದರೆ, ತೂಕ ಇಳಿಯುತ್ತಿದ್ದರೆ ಅಥವಾ ವಯಸ್ಸು 45 ದಾಟಿದ ಮೇಲೆ ಹೊಸದಾಗಿ ರಕ್ತ ಕಂಡರೆ ನನ್ನ ವಿಧಾನ ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಿ.