ಆಫರ್ ಲೆಟರಿನ ಸಂಬಳ ವೀಸಾಕ್ಕೆ ಸಾಕೇ? ಸ್ಪೀಚ್ ಥೆರಪಿಸ್ಟರು ಸಹಿಗೆ ಮೊದಲು ಹಾಕಬೇಕಾದ ಲೆಕ್ಕ

ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ವಿದೇಶದ ಕೆಲಸವೆಂದರೆ ಮೊದಲು ಕೇಳುವುದು "ಪ್ಯಾಕೇಜ್ ಎಷ್ಟು?" ಎಂದು. ಇದು ಗಲ್ಫ್ ಕಲಿಸಿದ ಅಭ್ಯಾಸ. ಮೂಲ ವೇತನ, ಕೋಣೆ ಬಾಡಿಗೆ, ಓಡಾಟ, ಊಟ ಎಲ್ಲ ಕೂಡಿಸಿ ಒಂದು ಮೊತ್ತ ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಮಂಗಳೂರಿನಲ್ಲೋ ಮೈಸೂರಿನ ವಾಕ್-ಶ್ರವಣ ಸಂಸ್ಥೆ ಆಯಿಷ್‌ನಲ್ಲೋ ತಿರುವನಂತಪುರದ ಅಂಥದೇ ಸಂಸ್ಥೆ ನಿಷ್‌ನಲ್ಲೋ ಓದಿ ಬ್ರಿಟನ್ನಿಗೆ, ಅಮೆರಿಕಕ್ಕೆ ಹೊರಟ ಸ್ಪೀಚ್ ಥೆರಪಿಸ್ಟರು ಅದೇ ಕಣ್ಣಿನಿಂದ ಆಫರ್ ಲೆಟರ್ ಓದಿದರೆ ಎಡವುತ್ತಾರೆ. ಅಲ್ಲಿನ ವೀಸಾ ನಿಯಮಕ್ಕೆ ಪ್ಯಾಕೇಜ್ ಬೇಡ. ಅದಕ್ಕೆ ಬೇಕಾದದ್ದು ಮೂಲ ಸಂಬಳ, ವಾರದ ಗಂಟೆ ಮತ್ತು ಹುದ್ದೆಯ ಕೋಡ್. ಈ ಮೂರರಲ್ಲಿ ಒಂದು ತಪ್ಪಿದರೂ ದೊಡ್ಡ ಮೊತ್ತದ ಆಫರ್ ಕೂಡ ಬಿದ್ದುಹೋಗುತ್ತದೆ.

ಬ್ರಿಟನ್: ಎರಡು ಗೆರೆ, ಎರಡನ್ನೂ ದಾಟಬೇಕು

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸ್ಪೀಚ್ ಆ್ಯಂಡ್ ಲ್ಯಾಂಗ್ವೇಜ್ ಥೆರಪಿಸ್ಟ್ ಹುದ್ದೆಯ ಕೋಡ್ 2223. ನಿಮ್ಮ ವೀಸಾಕ್ಕೆ ಸ್ಪಾನ್ಸರ್ ಆಗುವ ಉದ್ಯೋಗದಾತರು ಕೊಡುವ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್‌ನಲ್ಲಿ ಮೊದಲು ಈ ಸಂಖ್ಯೆ ಹುಡುಕಿ. "ಥೆರಪಿ ಅಸಿಸ್ಟೆಂಟ್" ಎಂದಿದ್ದರೆ ಅದು ಬೇರೆ ಹುದ್ದೆ, ಅದರ ಕೋಡ್ ಬೇರೆ, ಸಂಬಳವೂ ಬೇರೆ. ಮುಂದಿನ ಯಾವ ಲೆಕ್ಕವೂ ಅದಕ್ಕೆ ಹೊಂದುವುದಿಲ್ಲ.

2025ರ ಜುಲೈ 22ರಿಂದ ಸಾಮಾನ್ಯ ಹುದ್ದೆಗಳಿಗೆ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್ ಆಗಿದೆ. ಈ ಸಂಖ್ಯೆ ಕಂಡು ಕೈಚೆಲ್ಲಬೇಡಿ. ಸ್ಪೀಚ್ ಥೆರಪಿಯಂತೆ ರಾಷ್ಟ್ರೀಯ ವೇತನ ಶ್ರೇಣಿ ಇರುವ ಆರೋಗ್ಯ ಹುದ್ದೆಗಳಿಗೆ ನಿಯಮ ಬೇರೆ. ಒಂದು ಗೆರೆ 25,000 ಪೌಂಡ್. ಇನ್ನೊಂದು ಹುದ್ದೆಯ ಗೋಯಿಂಗ್ ರೇಟ್, ಎಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಅದೇ ಕೆಲಸದ ಬ್ಯಾಂಡಿಗೆ (ಸಂಬಳದ ದರ್ಜೆಗೆ) ಸಿಗುವ ಆರಂಭದ ಸಂಬಳ. ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸಿಗಲೇಬೇಕು. ಉದ್ಯೋಗದಾತರು ಖಾಸಗಿಯವರಾದರೂ ಇದರಲ್ಲಿ ರಿಯಾಯಿತಿ ಇಲ್ಲ.

ಇಂಗ್ಲೆಂಡಿನಲ್ಲಿ 2025-26ರ ಸಾಲಿಗೆ ಬ್ಯಾಂಡ್ 5ರ ಆರಂಭ 31,049 ಪೌಂಡ್, ಬ್ಯಾಂಡ್ 6ರದ್ದು 38,682. ಹೊಸಬರು ಸಾಮಾನ್ಯವಾಗಿ 5ರಲ್ಲಿ ಸೇರುತ್ತಾರೆ. ನುಂಗುವಿಕೆಯ ತೊಂದರೆ, ಪಾರ್ಶ್ವವಾಯು ನಂತರದ ಚಿಕಿತ್ಸೆಯಂಥ ಒಂದು ವಿಭಾಗವನ್ನು ಸ್ವತಂತ್ರವಾಗಿ ನೋಡಿಕೊಳ್ಳುವ ಹುದ್ದೆ 6ರದ್ದು. ಕೆಲಸದ ವಿವರಣೆಯಲ್ಲಿ "ಸ್ಪೆಷಲಿಸ್ಟ್" ಎಂದು ಬರೆದು 5ರ ಸಂಬಳ ಕೊಡುವ ಆಫರ್ ಬಂದರೆ ಸ್ಪಾನ್ಸರನ್ನು ಪತ್ರದಲ್ಲೇ ಕೇಳಿ: ಇದು ಯಾವ ಬ್ಯಾಂಡ್? ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಪ್ರತ್ಯೇಕ ಪಟ್ಟಿಗಳಿವೆ. ವೇತನ ಪಟ್ಟಿ ವರ್ಷ ವರ್ಷ ಏರುವುದರಿಂದ ಹೋದ ವರ್ಷ ಹೋದ ಗೆಳತಿಯ ಸಂಬಳದ ಲೆಕ್ಕ ಈ ವರ್ಷಕ್ಕೆ ಹೊಂದುವುದಿಲ್ಲ. ಅರ್ಜಿ ಹಾಕುವ ದಿನದ ಪಟ್ಟಿಯನ್ನೇ ನೋಡಿ.

ಹೆಚ್ಚಿನವರು ಜಾರಿಬೀಳುವುದು ಗಂಟೆಯ ಲೆಕ್ಕದಲ್ಲಿ. ಎನ್‌ಎಚ್‌ಎಸ್ ಸಂಬಳ ವಾರಕ್ಕೆ 37.5 ಗಂಟೆಗೆ ಹೇಳಿದ್ದು. ಗಂಟೆ ಹೆಚ್ಚಾದರೆ ಗೋಯಿಂಗ್ ರೇಟ್ ಅದೇ ಅಳತೆಯಲ್ಲಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. 25,000ದ ಗೆರೆ ಮಾತ್ರ ಗಂಟೆ ಕಡಿಮೆಯಾದರೂ ಇಳಿಯುವುದಿಲ್ಲ. 2025-26ರ ಸಾಲಿನಲ್ಲಿ ಒಂದು ಖಾಸಗಿ ಕ್ಲಿನಿಕ್‌ನ ಆಫರ್ ಹೀಗಿದೆ ಎಂದುಕೊಳ್ಳಿ: ವಾರಕ್ಕೆ 40 ಗಂಟೆ, ವರ್ಷಕ್ಕೆ 33,000 ಪೌಂಡ್, ಬ್ಯಾಂಡ್ 5ಕ್ಕೆ ಸಮಾನ. 31,049ಕ್ಕಿಂತ ಸುಮಾರು ಎರಡು ಸಾವಿರ ಹೆಚ್ಚು, ಖುಷಿಯ ಸುದ್ದಿಯಂತೆ ಕಾಣುತ್ತದೆ. ಈಗ ಲೆಕ್ಕ ಹಾಕಿ. 31,049ನ್ನು 37.5ರಿಂದ ಭಾಗಿಸಿ 40ರಿಂದ ಗುಣಿಸಿದರೆ 33,118 ಪೌಂಡ್ 93 ಪೆನ್ಸ್. ಆಫರ್ 119 ಪೌಂಡ್ ಕಡಿಮೆ, ವೀಸಾ ಸಿಗುವುದಿಲ್ಲ. ಇದಕ್ಕೆ ಪರಿಹಾರ ಸುಲಭ: ಸಂಬಳ 33,119ಕ್ಕೆ ಏರಿಸಲಿ, ಇಲ್ಲವೇ ಗಂಟೆಯನ್ನು 37.5ಕ್ಕೆ ಇಳಿಸಲಿ. ಆದರೆ ಇದು ಸರ್ಟಿಫಿಕೇಟ್ ಕೊಡುವ ಮೊದಲೇ ಆಗಬೇಕು.

ಇನ್ನೊಂದು ಆಫರ್ ವಾರಕ್ಕೆ 30 ಗಂಟೆಯದು, ಸಂಬಳ 24,840. ಗೋಯಿಂಗ್ ರೇಟ್ 30 ಗಂಟೆಗೆ 24,839 ಪೌಂಡ್ 20 ಪೆನ್ಸ್, ಆ ಗೆರೆ ದಾಟಿತು. 25,000ದ ಗೆರೆ ದಾಟಲಿಲ್ಲ. ಹಾಗಾಗಿ ಇದೂ ಬಿತ್ತು. ಆ ಸಾಲಿನ ಬ್ಯಾಂಡ್ 5ರ ಆರಂಭದ ದರದಲ್ಲಿ ವಾರಕ್ಕೆ 30.2 ಗಂಟೆಗಿಂತ ಕಡಿಮೆಯ ಕೆಲಸ ಈ ವೀಸಾಕ್ಕೆ ಸಾಲದು. ಮಗು ಚಿಕ್ಕದು, ವಾರಕ್ಕೆ ನಾಲ್ಕು ದಿನ ಸಾಕು ಎನ್ನುವವರು ಇದನ್ನು ಮೊದಲೇ ನೋಡಿಕೊಂಡರೆ ಒಳ್ಳೆಯದು.

ಲೆಕ್ಕಕ್ಕೆ ಹಿಡಿಯುವುದು ಖಚಿತವಾದ ಮೂಲ ಸಂಬಳ ಮಾತ್ರ, ಅದೂ ತೆರಿಗೆ ಕಡಿಯುವ ಮೊದಲಿನದು. ಓವರ್‌ಟೈಮ್, ಬೋನಸ್, ಕೋಣೆ ಬಾಡಿಗೆ, ಪೆನ್ಷನ್ನಿಗೆ ಉದ್ಯೋಗದಾತರು ಹಾಕುವ ಪಾಲು, ಸೇರಿದಾಗ ಒಮ್ಮೆ ಕೊಡುವ ಹಣ ಇವೊಂದೂ ಸೇರುವುದಿಲ್ಲ. "29,000 ಮತ್ತು ಉಚಿತ ವಸತಿ" ಎಂದರೆ ವೀಸಾದ ಲೆಕ್ಕದಲ್ಲಿ ಬರೇ 29,000. ವೀಸಾ ಖರ್ಚೆಂದು ಸಂಬಳದಿಂದ ಮುರಿದುಕೊಳ್ಳುವ ಒಪ್ಪಂದವಿದ್ದರೆ ಆ ಹಣವನ್ನೂ ಕಳೆದ ಮೇಲೆ ಉಳಿದದ್ದಕ್ಕಷ್ಟೇ ಬೆಲೆ. ಸ್ಪಾನ್ಸರ್ ಲೈಸೆನ್ಸ್ ಶುಲ್ಕ, ಸರ್ಟಿಫಿಕೇಟಿನ ಶುಲ್ಕ, ಹೊರದೇಶದವರನ್ನು ನೇಮಿಸಲು ಉದ್ಯೋಗದಾತರು ಸರ್ಕಾರಕ್ಕೆ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಈ ಮೂರನ್ನು ಅಭ್ಯರ್ಥಿಯ ತಲೆಗೆ ಕಟ್ಟುವಂತಿಲ್ಲ. ಏಜೆಂಟ್ ಕೊಟ್ಟ ಖರ್ಚಿನ ಪಟ್ಟಿಯಲ್ಲಿ ಈ ಹೆಸರುಗಳು ಕಂಡರೆ ಅಲ್ಲೇ ನಿಲ್ಲಿ.

ಇನ್ನು ಒಂದು ವ್ಯತ್ಯಾಸ ಸಂಬಳದ್ದಲ್ಲ, ಕಿಸೆಯದ್ದು. ಉದ್ಯೋಗದಾತರು ಎನ್‌ಎಚ್‌ಎಸ್ ಆಗಿದ್ದರೆ, ಅದಕ್ಕೆ ಸೇವೆ ಒದಗಿಸುವವರಾಗಿದ್ದರೆ ಅಥವಾ ವಯಸ್ಕರ ಆರೈಕೆಯ ಸಂಸ್ಥೆಯಾಗಿದ್ದರೆ ಹೆಲ್ತ್ ಆ್ಯಂಡ್ ಕೇರ್ ವೀಸಾ ಸಿಗುತ್ತದೆ. ಆಗ ಅಲ್ಲಿನ ಆರೋಗ್ಯ ಸೇವೆಗೆಂದು ಕಟ್ಟುವ ಹೆಲ್ತ್ ಸರ್‌ಚಾರ್ಜ್ ಇಲ್ಲ. ಖಾಸಗಿ ಶಾಲೆಯಂಥ ಕಡೆ ಸೇರಿದರೆ ಸಾಮಾನ್ಯ ಸ್ಕಿಲ್ಡ್ ವರ್ಕರ್ ವೀಸಾ. ವರ್ಷಕ್ಕೆ 1,035 ಪೌಂಡ್‌ನಂತೆ ಪೂರ್ತಿ ಅವಧಿಯ ಸರ್‌ಚಾರ್ಜನ್ನು ಮುಂಗಡವಾಗಿಯೇ ಕಟ್ಟಬೇಕು. ಮೂರು ವರ್ಷಕ್ಕೆ 3,105. ಒಂದೇ ಸಂಬಳದ ಎರಡು ಆಫರ್ ಕೈಯಲ್ಲಿದ್ದರೆ ಇದು ತಕ್ಕಡಿ ಬಾಗಿಸುವ ಮೊತ್ತ.

ಸಂಬಳದ ಮಾತು ಶುರುವಾಗುವುದೇ ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿಯಾದ ಎಚ್‌ಸಿಪಿಸಿ ನೋಂದಣಿಯ ನಂತರ. ಅದಿಲ್ಲದೆ ಬ್ರಿಟನ್ನಿನಲ್ಲಿ ಸ್ಪೀಚ್ ಥೆರಪಿಸ್ಟ್ ಎಂಬ ಹೆಸರು ಹಾಕಿಕೊಳ್ಳುವುದೇ ಕಾನೂನಿಗೆ ವಿರುದ್ಧ. ಇಂಗ್ಲಿಷ್ ಪರೀಕ್ಷೆಯಲ್ಲೂ ನಮ್ಮ ಕಸುಬಿನವರಿಗೆ ಬಿಗಿ ಜಾಸ್ತಿ. ಐಇಎಲ್‌ಟಿಎಸ್‌ನಲ್ಲಿ ಒಟ್ಟು 8, ಯಾವ ಭಾಗದಲ್ಲೂ 7.5ಕ್ಕಿಂತ ಕಡಿಮೆ ಬರಬಾರದು. ಫಿಸಿಯೋಥೆರಪಿಯವರಿಗೆ 7 ಸಾಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ಬೆಳೆದ ಮಂಜೇಶ್ವರದವರಿಗೆ ಮಾತು ಕಷ್ಟವಾಗದು, ಬರವಣಿಗೆಯ ಭಾಗದಲ್ಲಿ ಅರ್ಧ ಅಂಕಕ್ಕೆ ತಪ್ಪುವುದೇ ಹೆಚ್ಚು.

ಅನುಭವ ಪತ್ರದ ಬಗ್ಗೆಯೂ ಇಲ್ಲೇ ಹೇಳಬೇಕು. ಎಂಡೋಸಲ್ಫಾನ್ ಬಾಧಿತ ಮಕ್ಕಳ ಬಡ್ಸ್ ಎಂಬ ವಿಶೇಷ ಶಾಲೆಗಳಲ್ಲಿ ಕೆಲಸ ಮಾಡಿದವರ ಅನುಭವಕ್ಕೆ ತುಂಬ ತೂಕವಿದೆ, ಆದರೆ ಪತ್ರದಲ್ಲಿ ಬರೇ "ಸೇವೆ ಸಲ್ಲಿಸಿದ್ದಾರೆ" ಎಂದಿದ್ದರೆ ಆ ತೂಕ ಕಾಣದು. ವಾರಕ್ಕೆ ಎಷ್ಟು ಗಂಟೆ, ಯಾವ ವಯಸ್ಸಿನ ಮಕ್ಕಳು, ಯಾವ ತೊಂದರೆಗಳು, ಯಾರ ಮೇಲ್ವಿಚಾರಣೆ ಎಂಬುದನ್ನು ಬರೆಸಿಕೊಳ್ಳಿ. ಬ್ಯಾಂಡ್ 6 ಕೇಳುವಾಗ ಇದೇ ಆಧಾರ.

ಅಮೆರಿಕ: ಎಲ್‌ಸಿಎ ಎಂಬ ಕಾಗದ

ಪರಿಣತ ಕೆಲಸದವರಿಗೆ ಅಮೆರಿಕ ಕೊಡುವ ಎಚ್-1ಬಿ ವೀಸಾದಲ್ಲಿ ದೇಶಕ್ಕೆಲ್ಲ ಒಂದೇ ಕನಿಷ್ಠ ಸಂಬಳ ಎಂಬುದಿಲ್ಲ. ಉದ್ಯೋಗದಾತರು ಕಾರ್ಮಿಕ ಇಲಾಖೆಗೆ ಲೇಬರ್ ಕಂಡಿಷನ್ ಅಪ್ಲಿಕೇಷನ್, ಚಿಕ್ಕದಾಗಿ ಎಲ್‌ಸಿಎ, ಸಲ್ಲಿಸುತ್ತಾರೆ. ಇಲಾಖೆ ಏಳು ಕೆಲಸದ ದಿನಗಳಲ್ಲಿ ನೋಡಿ ಒಪ್ಪಬೇಕು. ಅದರಲ್ಲಿ ಎರಡು ಸಂಬಳಗಳ ಮಾತಿದೆ. ಒಂದು, ಆ ಊರಿನ ಸುತ್ತಮುತ್ತ ಆ ಕಸುಬಿಗೆ ನಡೆಯುವ ಪ್ರಿವೇಲಿಂಗ್ ವೇಜ್. ಇನ್ನೊಂದು, ಅದೇ ಸಂಸ್ಥೆ ಅಂಥದೇ ಅನುಭವ, ಅರ್ಹತೆಯ ತನ್ನ ನೌಕರರಿಗೆ ನಿಜವಾಗಿ ಕೊಡುತ್ತಿರುವ ಸಂಬಳ. ಹೆಚ್ಚಿನದ್ದನ್ನು ನಿಮಗೆ ಕೊಡಬೇಕು.

ಪ್ರಿವೇಲಿಂಗ್ ವೇಜ್ ಎಷ್ಟೆಂದು ನೀವೇ ಮನೆಯಲ್ಲಿ ಕೂತು ನೋಡಬಹುದು. ಕಾರ್ಮಿಕ ಇಲಾಖೆಯ ಫ್ಲ್ಯಾಗ್ ಜಾಲತಾಣದ ವೇಜ್ ಸರ್ಚ್‌ನಲ್ಲಿ ಸ್ಪೀಚ್ ಥೆರಪಿಯ ಕೋಡ್ 29-1127, ಕೆಲಸದ ಊರಿರುವ ಕೌಂಟಿ (ಜಿಲ್ಲೆಯಂಥ ಭಾಗ), ವರ್ಷ ಇಷ್ಟು ಕೊಟ್ಟರೆ ಹುದ್ದೆಯ ನಾಲ್ಕು ಹಂತಗಳ (ಒಂದು ಹೊಸಬರದ್ದು, ನಾಲ್ಕು ಎಲ್ಲಕ್ಕಿಂತ ಮೇಲಿನದ್ದು) ಗಂಟೆ ದರ ಬರುತ್ತದೆ. ಈ ದರಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಮುಂದಿನ ಜೂನ್ 30ಕ್ಕೆ ಮುಗಿಯುತ್ತದೆ. ಗಂಟೆ ದರವನ್ನು 2,080ರಿಂದ ಗುಣಿಸಿದರೆ ವರ್ಷದ ಸಂಬಳ: ಗಂಟೆಗೆ 40 ಡಾಲರ್ ಎಂದಿದ್ದರೆ 83,200.

ಹಂತ ತೀರ್ಮಾನವಾಗುವುದು ನಿಮ್ಮ ಬಯೋಡೇಟಾ ನೋಡಿ ಅಲ್ಲ, ಹುದ್ದೆ ಏನು ಕೇಳುತ್ತದೆ ಎಂಬುದನ್ನು ನೋಡಿ. ಹತ್ತು ವರ್ಷದ ಅನುಭವ ಇದ್ದವರೂ ಹೊಸಬರ ಹುದ್ದೆಗೆ ಸೇರಿದರೆ ಅವರ ಎಲ್‌ಸಿಎಯಲ್ಲಿ ಹಂತ ಒಂದು ಇರಬಹುದು, ಅದು ಮೋಸವಲ್ಲ. ಕೆಲಸದ ವಿವರಣೆಯಲ್ಲಿ ಇತರ ಥೆರಪಿಸ್ಟರ ಮೇಲ್ವಿಚಾರಣೆ ನಿಮ್ಮದೆಂದು ಬರೆದು ಎಲ್‌ಸಿಎಯಲ್ಲಿ ಹಂತ ಒಂದೆಂದು ಹಾಕಿದ್ದರೆ ಪ್ರಶ್ನೆ ಕೇಳಿ. 2026ರ ಫೆಬ್ರವರಿ 27ರಿಂದ ಜಾರಿಯಾದ ನಿಯಮದಂತೆ ಲಾಟರಿಯಲ್ಲೂ, ಎಂದರೆ ಅರ್ಜಿಗಳು ಮಿತಿಗಿಂತ ಹೆಚ್ಚಾದಾಗ ಚೀಟಿ ಎತ್ತುವಲ್ಲೂ, ಕೊಡುವ ಸಂಬಳ ಯಾವ ಹಂತದ ದರ ಮುಟ್ಟುತ್ತದೆ ಎಂಬುದಕ್ಕೆ ತೂಕ ಬಂದಿದೆ. ಹಂತ ನಾಲ್ಕರವರ ಹೆಸರು ನಾಲ್ಕು ಸಲ, ಹಂತ ಒಂದರವರದ್ದು ಒಂದೇ ಸಲ ಚೀಟಿಗೆ ಬೀಳುತ್ತದೆ.

ನಮ್ಮ ಕಸುಬಿಗೆ ಎಲ್ಲಕ್ಕಿಂತ ಹತ್ತಿರದ ನಿಯಮ ಲೈಸೆನ್ಸಿನದ್ದು. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ವಿಮಾನ ಇಳಿದ ಮೇಲೂ ರಾಜ್ಯದ ಲೈಸೆನ್ಸ್ ಬರಲು ವಾರಗಟ್ಟಲೆ ತಡವಾಗಬಹುದು. "ಲೈಸೆನ್ಸ್ ಬರುವವರೆಗೆ ಸಂಬಳವಿಲ್ಲ" ಎಂದು ಆಫರಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಅದು ನಿಲ್ಲುವ ಮಾತಲ್ಲ. ಹೊರದೇಶದಿಂದ ಬಂದವರಿಗೆ ದೇಶದೊಳಗೆ ಕಾಲಿಟ್ಟ 30 ದಿನದೊಳಗೆ ಸಂಬಳ ಶುರುವಾಗಬೇಕು, ಲೈಸೆನ್ಸ್ ಇಲ್ಲದ್ದರಿಂದ ಕೆಲಸಕ್ಕೆ ಹಚ್ಚಲಾಗದಿದ್ದರೂ. ಕೆಲಸ ಖಾಲಿ ಇಲ್ಲ, ಗುತ್ತಿಗೆ ಮುಗಿಯಿತು ಎಂಬ ಕಾರಣಗಳಿಗೂ ಇದೇ ಉತ್ತರ. ನೀವಾಗಿ ರಜೆ ಕೇಳಿ ಊರಿಗೆ ಬಂದ ದಿನಗಳಿಗೆ ಮಾತ್ರ ಈ ರಕ್ಷಣೆ ಇಲ್ಲ.

ಶಾಲೆಗಳ ಕೆಲಸದಲ್ಲಿ ಬೇಸಿಗೆ ರಜೆಯ ಗೊಂದಲ ಬರುತ್ತದೆ. ಶಾಲೆಯೇ ನೇರವಾಗಿ ನೇಮಿಸಿಕೊಂಡಿದ್ದರೆ, ಅಲ್ಲಿನವರಿಗೂ ಅದೇ ಪದ್ಧತಿ ಇದ್ದು ನೀವು ಮೊದಲೇ ಒಪ್ಪಿದ್ದರೆ, ಇಡೀ ವರ್ಷದ ಸಂಬಳವನ್ನು ಹತ್ತು ತಿಂಗಳಲ್ಲಿ ಹಂಚಿಕೊಡಬಹುದು. ಶಾಲೆಗೆ ಜನ ಒದಗಿಸುವ ಸ್ಟಾಫಿಂಗ್ ಕಂಪನಿಗೆ ಆ ಸವಲತ್ತಿಲ್ಲ. ಕಂಪನಿ ನಿಮ್ಮನ್ನು ಬೇರೆ ಊರ ಶಾಲೆಗೆ ಕಳಿಸಿ ಅದು ಬೇರೆ ವೇತನ ಪ್ರದೇಶಕ್ಕೆ ಸೇರಿದ್ದರೆ ಹೊಸ ಎಲ್‌ಸಿಎ, ತಿದ್ದಿದ ಅರ್ಜಿ ಎರಡೂ ಬೇಕು.

ಎಚ್-1ಬಿ ಅರ್ಜಿಯ ಶುಲ್ಕ, ಅದರ ವಕೀಲರ ಫೀಸು ಉದ್ಯೋಗದಾತರದ್ದು. 2025ರ ಸೆಪ್ಟೆಂಬರ್ 21ರಿಂದ 12 ತಿಂಗಳಿಗೆಂದು ಹೊರಟ ಅಧ್ಯಕ್ಷರ ಘೋಷಣೆ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗೆ 1,00,000 ಡಾಲರ್ ಹೇರಿತು. ಇಂಥ ಕಾಲದಲ್ಲಿ "ಐದು ಲಕ್ಷ ರೂಪಾಯಿಗೆ ಎಚ್-1ಬಿ ಮಾಡಿಸಿ ಕೊಡುತ್ತೇವೆ" ಎನ್ನುವವರ ಗಣಿತ ಹೇಗೆ ಕೂಡಿಬರುತ್ತದೆಂದು ಅವರಲ್ಲೇ ಕೇಳಬೇಕು. ಗ್ರೀನ್ ಕಾರ್ಡಿನ ಶೆಡ್ಯೂಲ್ ಎ ಎಂಬ ಹತ್ತಿರದ ದಾರಿ ನರ್ಸ್, ಫಿಸಿಯೋಥೆರಪಿಸ್ಟರಿಗಿದೆ. ನಮ್ಮವರಿಗಿಲ್ಲ. ಹಾಗಾಗಿ ಆ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗಲಿಲ್ಲವೆಂದು ಉದ್ಯೋಗದಾತರು ತೋರಿಸಬೇಕಾದ ಪರ್ಮ್ ದಾರಿಯೇ ಗತಿ, ಅಲ್ಲಿ ಪ್ರಿವೇಲಿಂಗ್ ವೇಜನ್ನು ಕಾರ್ಮಿಕ ಇಲಾಖೆಯೇ ನಿಗದಿ ಮಾಡುತ್ತದೆ.

ಗಲ್ಫಿಗೆ ಹೋಗುವವರಿಗೆ ಎರಡು ಮಾತು

ಯುಎಇಯಲ್ಲಿ ಬ್ಯಾಂಡ್, ಹಂತ ಎಂಬ ರಗಳೆ ಇಲ್ಲ, ಒಪ್ಪಂದದಲ್ಲಿ ಬರೆದದ್ದೇ ಸಂಬಳ. ಅದಕ್ಕೇ ಮೂಲ ವೇತನದ ಸಾಲು ನೋಡಬೇಕು. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ ಗ್ರಾಚ್ಯುಟಿಯಾಗಿ ಸಿಗುತ್ತದೆ. 8,000 ದಿರ್ಹಮ್ ಪ್ಯಾಕೇಜಿನಲ್ಲಿ ಮೂಲ 5,000 ಇದ್ದರೆ ವರ್ಷಕ್ಕೆ 3,500, ಮೂಲ 3,000 ಇದ್ದರೆ 2,100.

ಊರು ಬಿಡುವ ಮೊದಲಿನ ಕಡತ

ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದ್ದಾರೆಯೇ ನೋಡಿ. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 35,400. ರಸೀದಿ ಕೇಳಿ ಪಡೆಯಿರಿ.

ಕಡತದಲ್ಲಿ ಆಫರ್ ಲೆಟರ್, ಕೆಲಸದ ವಿವರಣೆ, ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಅಥವಾ ಎಲ್‌ಸಿಎ, ಅರ್ಜಿ ಹಾಕಿದ ದಿನದ ವೇತನ ಪಟ್ಟಿಯ ಪ್ರಿಂಟ್ ಇರಲಿ. ಎಲ್‌ಸಿಎಯ ಪ್ರತಿ ನಿಮಗೆ ಸಿಗಬೇಕಾದದ್ದು, ಕೇಳಲು ಮುಜುಗರ ಬೇಡ. ಒಂದು ಪ್ರತಿಯನ್ನು ಮನೆಯಲ್ಲಿ ಅಪ್ಪನ ಕೈಗೋ ಅಕ್ಕನ ಕೈಗೋ ಕೊಟ್ಟು ಹೋಗಿ. ಅಲ್ಲಿ ಸೇರಿದ ಮೇಲೆ ಪ್ರತಿ ತಿಂಗಳ ಪೇ ಸ್ಲಿಪ್ಪನ್ನು ಇದೇ ಕಡತಕ್ಕೆ ಸೇರಿಸುತ್ತ, ಮೂಲ ಸಂಬಳ ಮತ್ತು ಗಂಟೆ ಕಾಗದದಲ್ಲಿದ್ದಂತೆಯೇ ಇದೆಯೇ ನೋಡಿ. ಅಮೆರಿಕದಲ್ಲಿ ಕಡಿಮೆ ಕೊಟ್ಟರೆ ಕಾರ್ಮಿಕ ಇಲಾಖೆಯ ವೇಜ್ ಆ್ಯಂಡ್ ಅವರ್ ವಿಭಾಗಕ್ಕೆ ಡಬ್ಲ್ಯುಎಚ್-4 ಎಂಬ ಫಾರಂನಲ್ಲಿ ದೂರು ಕೊಡಬಹುದು, ಅದಕ್ಕಿರುವ ಗಡುವು 12 ತಿಂಗಳು. ಬ್ರಿಟನ್ನಿನಲ್ಲಿ ಸಂಬಳ ಇಳಿಸಿದರೆ ಸ್ಪಾನ್ಸರ್ ಅದನ್ನು 10 ಕೆಲಸದ ದಿನಗಳೊಳಗೆ ಅಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸಬೇಕು. ಇಳಿದ ಸಂಬಳ ಗೆರೆಗಿಂತ ಕೆಳಗಿದ್ದರೆ ನಿಮ್ಮ ವೀಸಾಕ್ಕೇ ಕುತ್ತು. ಆದ್ದರಿಂದ "ಎರಡು ತಿಂಗಳು ಗಂಟೆ ಕಡಿಮೆ ಮಾಡಿಕೊಳ್ಳಿ" ಎಂದು ಮ್ಯಾನೇಜರ್ ನಯವಾಗಿ ಹೇಳಿದರೂ ಹೂಂ ಎನ್ನುವ ಮೊದಲು 37.5ರ ಲೆಕ್ಕವನ್ನು ಇನ್ನೊಮ್ಮೆ ಹಾಕಿ.